ಐದು ಪುಟ್ಟ ಗ್ಲಾಸು, ಒಂದು ಹಲಗೆ: ಕ್ರಾಫ್ಟ್ ಬಿಯರ್ ಹೋಲಿಸಿ ಸವಿಯುವುದು ಹೇಗೆ

ತಾನೇ ಬಿಯರ್ ತಯಾರಿಸಿ ಮಾರುವ ಪುಣೆಯ ಯಾವುದೇ ಬ್ರೂಪಬ್‌ನಲ್ಲಿ ಕೂತು ಸ್ಯಾಂಪ್ಲರ್ ಕೇಳಿದರೆ ಮರದ ಹಲಗೆಯ ಮೇಲೆ ನಾಲ್ಕೈದು ಪುಟ್ಟ ಗ್ಲಾಸುಗಳು ಬರುತ್ತವೆ. ಒಂದು ಮಸುಕು ಹಳದಿ, ಒಂದು ಚಿನ್ನದ ಬಣ್ಣ, ಒಂದು ತಾಮ್ರ, ಇನ್ನೊಂದು ಡಿಕಾಕ್ಷನ್ನಿನಷ್ಟು ಕಪ್ಪು. ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಕಡೆಯ ಗೆಳೆಯರ ಗುಂಪಾದರೆ ಐದೇ ನಿಮಿಷದಲ್ಲಿ ತೀರ್ಪು ಬೀಳುತ್ತದೆ: "ಹಳದಿದು ಚೊಲೊ ಐತಿ, ಆ ಕರೇದು ಬ್ಯಾಡೋ ಮಾರಾಯಾ, ಕಹಿ." ಇಷ್ಟ ಅವರವರದು, ತಕರಾರಿಲ್ಲ. ಆದರೆ ಇದು ಹೋಲಿಕೆ ಅಲ್ಲ. ಗೋಧಿ ಬಿಯರ್ ಮೇಲೋ ಸ್ಟೌಟ್ ಎಂಬ ಕಪ್ಪು ಬಿಯರ್ ಮೇಲೋ ಎನ್ನುವುದು ಮಜ್ಜಿಗೆ ಮೇಲೋ ಕಾಫಿ ಮೇಲೋ ಎಂದಂತೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಗ್ಲಾಸಿನಲ್ಲಿರುವುದು ತಾನು ಯಾವ ಬಗೆಯದೆಂದು ಬೋರ್ಡಿನ ಮೇಲೆ ಬರೆಸಿಕೊಂಡಿದೆಯೋ ಆ ಬಗೆಗೆ ತಕ್ಕ ಹಾಗಿದೆಯೇ? ಇಲ್ಲದಿದ್ದರೆ ಎಲ್ಲಿ ಕೈ ತಪ್ಪಿದೆ?

ಇದನ್ನು ಕಲಿಯಲು ಪುಣೆ ಒಳ್ಳೆಯ ಊರು. ದೇಶದಲ್ಲಿ ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಪ್ರಮಾಣದಲ್ಲಿ ಕೈಯಾರೆ ಮಾಡುವ ಬಿಯರ್, ಇನ್ನೂ ಅಂಬೆಗಾಲಿಡುತ್ತಿದ್ದಾಗ, 2009ರಲ್ಲಿ, ಡೂಲಾಲಿ ಎಂಬ ಬ್ರೂಪಬ್ ಇಲ್ಲೇ ಶುರುವಾಯಿತು. ಆಮೇಲೆ ಇಂಡಿಪೆಂಡೆನ್ಸ್, ಎಫಿಂಗಟ್, ಗ್ರೇಟ್ ಸ್ಟೇಟ್ ಬಂದವು. ಜೇನುತುಪ್ಪದಿಂದ ಮೀಡ್ ಎಂಬ ಮದ್ಯ ಮಾಡುವ ಮೂನ್‌ಶೈನ್ ಮೀಡರಿಯೂ ಪುಣೆಯದೇ. ಒಂದೇ ಬಗೆಯ ಬಿಯರನ್ನು ಬೇರೆ ಬೇರೆ ಕೈಗಳಲ್ಲಿ ನೋಡುವ ಅವಕಾಶ ಇಲ್ಲಿದೆ. ನಿಜವಾದ ಹೋಲಿಕೆ ಅದೇ.

ಬೋರ್ಡಿನ ಮೇಲಿನ ಅಂಕಿಗಳು

ಹೆಸರಿನ ಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ. ಎಬಿವಿ ಅಂದರೆ ಆಲ್ಕೋಹಾಲಿನ ಶೇಕಡಾವಾರು. ಐಬಿಯು ಅಂದರೆ ಕಹಿಯ ಅಳತೆ: ಹಾಪ್ಸ್ ಹೂವಿನಿಂದ ಬಂದ ಕಹಿ ಆಮ್ಲ ಲೀಟರಿಗೆ 1 ಮಿಲಿಗ್ರಾಂ ಇದ್ದರೆ 1 ಐಬಿಯು. ಜರ್ಮನ್ ಶೈಲಿಯ ಗೋಧಿ ಬಿಯರ್ 8ರಿಂದ 15ರೊಳಗೆ, ಹಾಪ್ಸ್ ಹೆಚ್ಚಿರುವ ಅಮೆರಿಕನ್ ಐಪಿಎ (ಇಂಡಿಯಾ ಪೇಲ್ ಏಲ್) 40ರಿಂದ 70ರೊಳಗೆ, ಐರಿಷ್ ಸ್ಟೌಟ್ 25ರಿಂದ 45ರೊಳಗೆ ಇರುವುದು ವಾಡಿಕೆ.

ಆದರೆ ಐಬಿಯು ನೋಡಿ ನಾಲಿಗೆಗೆ ಎಷ್ಟು ಕಹಿ ತಾಕುತ್ತದೆ ಎಂದು ಹೇಳಲಾಗದು. ಬಿಯರಿನಲ್ಲಿ ಉಳಿದ ಸಿಹಿ ಕಹಿಯನ್ನು ಮುಚ್ಚುತ್ತದೆ. ಅದೇ 35 ಐಬಿಯು ತೆಳ್ಳನೆಯ ಪಿಲ್ಸ್‌ನರ್‌ನಲ್ಲಿ ಚುರುಕಾಗಿ ತಾಕಿದರೆ, ಸಿಹಿ ಉಳಿದ ದಪ್ಪ ಬಿಯರಿನಲ್ಲಿ ಮೆತ್ತಗಾಗಿರುತ್ತದೆ. ಕೆಲವು ಕಡೆ ಹುದುಗುವ ಮೊದಲಿನ ಮತ್ತು ಹುದುಗಿದ ನಂತರದ ಸಾಂದ್ರತೆಯನ್ನೂ (ನೀರಿನದು 1.000) ಬರೆದಿರುತ್ತಾರೆ. ಮೊದಲು 1.050, ಕೊನೆಗೆ 1.010 ಎಂದಿದ್ದರೆ ವ್ಯತ್ಯಾಸ 0.040, ಅದನ್ನು 131.25ರಿಂದ ಗುಣಿಸಿದರೆ ಆಲ್ಕೋಹಾಲ್ ಸುಮಾರು 5.25%. ಹೋಲಿಸುವವರಿಗೆ ಇದರಲ್ಲಿ ಹೆಚ್ಚು ಉಪಯೋಗ ಕೊನೆಯ ಅಂಕಿಯದು. 1.008ಕ್ಕೆ ಇಳಿದಿದ್ದರೆ ಬಿಯರಿನಲ್ಲಿ ಸಿಹಿ ಹೆಚ್ಚು ಉಳಿದಿಲ್ಲ, ಬಾಯಲ್ಲಿ ಹಗುರ. 1.018ರಲ್ಲೇ ನಿಂತಿದ್ದರೆ ಸಕ್ಕರೆ ಉಳಿದಿದೆ, ನಾಲಿಗೆಗೆ ಭಾರ.

ಬಣ್ಣ ನೋಡಿ ಅಮಲು ಅಳೆಯುವ ಅಭ್ಯಾಸವನ್ನಂತೂ ಬಿಡಬೇಕು. ಕಪ್ಪು ಐರಿಷ್ ಸ್ಟೌಟ್ 4ರಿಂದ 5%ರೊಳಗೇ ಇರುತ್ತದೆ. ಅಂಗಡಿಯಲ್ಲಿ ಸ್ಟ್ರಾಂಗ್ ಎಂದು ಮಾರುವ ಹಳದಿ ಬಿಯರ್ 8%ರವರೆಗೂ ಹೋಗುತ್ತದೆ. ಸ್ಟೌಟಿನ ಕಪ್ಪು ಬರುವುದು ಚೆನ್ನಾಗಿ ಹುರಿದ ಸ್ವಲ್ಪ ಬಾರ್ಲಿಯಿಂದ, ಅಷ್ಟೇ.

ರುಚಿ ಎಲ್ಲಿಂದ ಬರುತ್ತದೆ

ಬಿಯರಿಗೆ ಮುಖ್ಯವಾಗಿ ಬೇಕಾದದ್ದು ನಾಲ್ಕು: ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ಮಾಲ್ಟ್ ನಮಗೆ ಹೊಸದಲ್ಲ. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಕ್ಕಳಿಗೆ ಮಾಡಿಕೊಡುವ ಕ್ರಮವೇ ಬಾರ್ಲಿಗೂ. ಎಷ್ಟು ಶಾಖದಲ್ಲಿ ಒಣಗಿಸಿದರು, ಹುರಿದರು ಎಂಬುದರ ಮೇಲೆ ಹಸಿ ಹಿಟ್ಟಿನ ವಾಸನೆಯಿಂದ ಹಿಡಿದು ಬಿಸ್ಕತ್ತು, ಬೆಲ್ಲದ ಪಾಕ, ರೊಟ್ಟಿಯ ಸುಟ್ಟ ಅಂಚು, ಕಾಫಿಪುಡಿಯವರೆಗೆ ಪರಿಮಳ ಬದಲಾಗುತ್ತದೆ. ಪುಡಿಮಾಡಿದ ಮಾಲ್ಟನ್ನು 65ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ 60ರಿಂದ 90 ನಿಮಿಷ ಕುದಿಸುತ್ತಾರೆ. ಆರಂಭದಲ್ಲೇ ಹಾಕಿದ ಹಾಪ್ಸ್ ಕುದಿದು ಕಹಿ ಕೊಡುತ್ತದೆ, ಅದರ ಪರಿಮಳ ಆವಿಯಾಗಿ ಹೋಗುತ್ತದೆ. ಕೊನೆಯಲ್ಲಿ ಅಥವಾ ತಣಿದ ಮೇಲೆ ಹಾಕಿದ ಹಾಪ್ಸ್ ಪರಿಮಳ ಉಳಿಸುತ್ತದೆ, ಕಹಿ ಕಡಿಮೆ. ಹೀಗಾಗಿ ಘಮಘಮ ಎನ್ನುವ ಬಿಯರೆಲ್ಲ ಕಹಿಯಾಗಿರಬೇಕಿಲ್ಲ. ಐಪಿಎ ಮೂಸಿದಾಗ ಮಾವಿನಕಾಯಿಯ ಸೊನೆ ನೆನಪಾದರೆ ಅದು ಭ್ರಮೆಯಲ್ಲ. ಮಿರ್ಸೀನ್ ಎಂಬ ಸುಗಂಧದ್ರವ್ಯ ಹಾಪ್ಸಿನಲ್ಲೂ ಇದೆ, ಮಾವಿನಲ್ಲೂ ಇದೆ.

ಇಷ್ಟಾದರೂ ಅರ್ಧ ಕೆಲಸ ಆ ಸಕ್ಕರೆಯನ್ನು ಹುದುಗಿಸಿ ಆಲ್ಕೋಹಾಲ್ ಮಾಡುವ ಯೀಸ್ಟಿನದು. ಅದನ್ನು ಅರಿಯಲು ಗೋಧಿ ಬಿಯರಿಗಿಂತ ಒಳ್ಳೆಯ ಪಾಠವಿಲ್ಲ. ಪುಣೆಯ ಬೋರ್ಡುಗಳಲ್ಲಿ ಅದು ಮತ್ತೆ ಮತ್ತೆ ಕಾಣುವುದಕ್ಕೆ ಲೆಕ್ಕಾಚಾರದ ಕಾರಣವೂ ಇದೆ. ಬ್ರೂಪಬ್‌ನಲ್ಲಿ ಟ್ಯಾಂಕುಗಳು ಬೆರಳೆಣಿಕೆಯಷ್ಟು. ಗೋಧಿ ಬಿಯರ್ ಎರಡು ಮೂರು ವಾರದಲ್ಲಿ ಸಿದ್ಧವಾಗಿ ಟ್ಯಾಂಕು ಖಾಲಿ ಮಾಡುತ್ತದೆ. ಲಾಗರ್ ಹಾಗಲ್ಲ. ಅದರ ಯೀಸ್ಟು 8ರಿಂದ 13 ಡಿಗ್ರಿಯಲ್ಲಿ ನಿಧಾನವಾಗಿ ಹುದುಗಿಸುತ್ತದೆ, ಆಮೇಲೆ ಸೊನ್ನೆ ಡಿಗ್ರಿಯ ಹತ್ತಿರ ವಾರಗಟ್ಟಲೆ ತೆಪ್ಪಗೆ ಮಲಗಬೇಕು. ಪಿಲ್ಸ್‌ನರ್ ಲಾಗರಿನದೇ ಒಂದು ಬಗೆ. ಅಷ್ಟು ದಿನ ಟ್ಯಾಂಕು ಬಿಟ್ಟುಕೊಟ್ಟು ಪಿಲ್ಸ್‌ನರ್ ಮಾಡುವ ಜಾಗ ಸಿಕ್ಕರೆ ಅದನ್ನೇ ಮೊದಲು ಕೇಳಿ. ತಪ್ಪು ಮುಚ್ಚಿಡಲು ಅದರಲ್ಲಿ ಹಣ್ಣಿಲ್ಲ, ಹುರಿದ ವಾಸನೆಯಿಲ್ಲ, ಹಾಪ್ಸಿನ ಅಬ್ಬರವಿಲ್ಲ. ಬ್ರೂವರ್‌ನ ಕೈ ಎಂಥದೆಂದು ಅರಿಯಲು ನಾಲ್ಕು ಹಣ್ಣು ಬೆರೆಸಿದ ಸ್ಪೆಷಲ್‌ಗಿಂತ ಈ ಬಡಪಾಯಿಯೇ ಮೇಲು.

ಗೋಧಿ ಬಿಯರಿಗೆ ಮರಳೋಣ. ಜರ್ಮನ್ ಹೆಫವೈಸನ್‌ನಲ್ಲಿ ಕನಿಷ್ಠ ಅರ್ಧದಷ್ಟು ಗೋಧಿ ಮಾಲ್ಟ್ ಇರುತ್ತದೆ. ಮೂಗಿಗೆ ಎರಡು ವಾಸನೆ ಸಿಗಬೇಕು: ಮಾಗಿದ ಬಾಳೆಹಣ್ಣು, ಲವಂಗ. ಇವೆರಡನ್ನೂ ಯಾರೂ ಹಾಕಿಲ್ಲ, ಯೀಸ್ಟೇ ತಯಾರಿಸಿದ್ದು. ಬಾಳೆಹಣ್ಣಿನದು ಐಸೊಅಮೈಲ್ ಅಸಿಟೇಟ್, ಲವಂಗದ್ದು ಫೀನಾಲ್ ಎಂಬ ಬಗೆಯ ಒಂದು ದ್ರವ್ಯ. ಬೆಚ್ಚಗೆ ಹುದುಗಿಸಿದಷ್ಟೂ ಬಾಳೆಹಣ್ಣು ಮುಂದಾಗುತ್ತದೆ. ಮಾಲ್ಟ್ ನೆನೆಸುವಾಗ 45 ಡಿಗ್ರಿಯ ಸುಮಾರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ್ದರೆ ಲವಂಗ ಜೋರಾಗುತ್ತದೆ. ಎರಡು ಕಡೆಯ ಹೆಫವೈಸನ್ ಮುಂದಿಟ್ಟುಕೊಂಡಾಗ ಮೊದಲು ಗಮನಿಸಬೇಕಾದದ್ದು ಈ ತಕ್ಕಡಿ ಯಾವ ಕಡೆ ವಾಲಿದೆ ಎಂಬುದು. ಬರೀ ಬಾಳೆಹಣ್ಣೇ ಆದರೆ ಪೆಪ್ಪರ್‌ಮಿಂಟಿನಂಗಡಿ. ಎರಡೂ ಸಿಗದಿದ್ದರೆ ಯೀಸ್ಟು ಬೇರೆಯದು, ಅಥವಾ ದಣಿದದ್ದು.

ಬೆಲ್ಜಿಯನ್ ವಿಟ್ ಇನ್ನೊಂದು. ಇದರಲ್ಲಿ ಮೊಳಕೆ ಕಟ್ಟದ ಗೋಧಿ, ಜೊತೆಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೂ ಹಾಕಿರುತ್ತಾರೆ. ಬೋರ್ಡಿನ ಮೇಲೆ ಬರೀ "ವೀಟ್" ಎಂದಿದ್ದರೆ ಕಣ್ಣು ಮುಚ್ಚಿ ಮೂಸಿ: ಬಾಳೆಹಣ್ಣೋ, ಧನಿಯಾವೋ? ಸಾರಿನ ಪುಡಿ ಕುಟ್ಟುವ ಮನೆಯಲ್ಲಿ ಬೆಳೆದವರಿಗೆ ಇದು ಕಷ್ಟವೇ ಅಲ್ಲ.

ಕೂರುವ ಮೊದಲು

ಹೋಲಿಕೆ ಕೆಡುವುದು ನಾಲಿಗೆಯಿಂದಲ್ಲ, ಏರ್ಪಾಡಿನಿಂದ. ಮೊದಲನೆಯದು ತಣ್ಣಗಿನ ಹುಚ್ಚು. ಏಪ್ರಿಲ್ ತಿಂಗಳ ಪುಣೆಯ ಬಿಸಿಲಿನಿಂದ ಒಳಗೆ ಬಂದವರಿಗೆ ಐಸಿನಂತೆ ಕೊರೆಯುವುದೇ ಬೇಕೆನಿಸುವುದು ಸಹಜ. ಆದರೆ 2 ಡಿಗ್ರಿಯಲ್ಲಿ ಪರಿಮಳ ಮೇಲೇಳುವುದಿಲ್ಲ, ನಾಲಿಗೆ ಮರಗಟ್ಟುತ್ತದೆ, ಒಳ್ಳೆಯದೂ ಕೆಟ್ಟದ್ದೂ ಒಂದೇ ಆಗುತ್ತದೆ. ಲಾಗರಿಗೆ 4ರಿಂದ 6, ಗೋಧಿ ಬಿಯರಿಗೆ 6ರಿಂದ 8, ಐಪಿಎಗೆ 7ರಿಂದ 10, ಸ್ಟೌಟಿಗೆ 10ರಿಂದ 13 ಡಿಗ್ರಿ ಸರಿ. ಥರ್ಮಾಮೀಟರ್ ಬೇಕಿಲ್ಲ, ಪುಟ್ಟ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಕೆಲವು ನಿಮಿಷ ಮಾತಾಡುತ್ತಿದ್ದರೆ ಸಾಕು. ಸ್ಟೌಟನ್ನು ಕೊನೆಗೆ ಕುಡಿಯುವುದರಿಂದ ಅದು ತಾನಾಗಿ ಹದಕ್ಕೆ ಬಂದಿರುತ್ತದೆ.

ಹಿಮ ಕಟ್ಟಿದ ಗ್ಲಾಸು ಬೇಡವೆನ್ನಿ. ಒಳಗೋಡೆಯ ಐಸಿನ ಹರಳು ಅನಿಲವನ್ನು ಒಮ್ಮೆಲೇ ಹೊರಹಾಕಿ ನೊರೆ ಉಕ್ಕಿಸುತ್ತದೆ, ಕರಗಿ ಬಿಯರನ್ನೂ ತೆಳುವಾಗಿಸುತ್ತದೆ. ಗ್ಲಾಸು ಶುಚಿಯಾಗಿದೆಯೇ ಎಂಬುದನ್ನು ಬಿಯರೇ ಹೇಳುತ್ತದೆ: ಗಾಜಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಅಲ್ಲಿ ಕೊಳೆ ಅಥವಾ ಜಿಡ್ಡು ಉಳಿದಿದೆ. ಶುಚಿ ಗ್ಲಾಸಿನಲ್ಲಿ ಗುಳ್ಳೆ ನೇರ ಮೇಲೇರುತ್ತವೆ, ಪ್ರತಿ ಗುಟುಕಿಗೂ ನೊರೆ ಒಂದೊಂದು ಬಳೆಯಾಗಿ ಗೋಡೆಗೆ ಅಂಟುತ್ತದೆ. ಮಸಾಲಾ ಪಾಪಡ್ ತಿಂದ ತುಟಿಯ ಎಣ್ಣೆ ಆ ನೊರೆಯನ್ನು ಕ್ಷಣದಲ್ಲಿ ಕೊಲ್ಲುತ್ತದೆ. ಇನ್ನು ಮೆಣಸಿನ ಖಾರವಂತೂ ಕಹಿಯನ್ನೂ ಗ್ಯಾಸಿನ ಚುಚ್ಚನ್ನೂ ಉರಿಯಾಗಿ ಮಾಡುತ್ತದೆ. ಸವಿದು ಮುಗಿಯುವವರೆಗೆ ಸಾದಾ ನೀರು, ಸಪ್ಪೆ ಪಾವ್ ಅಥವಾ ಒಗ್ಗರಣೆ ಕಾಣದ ಒಣ ಚುರುಮುರಿ ಸಾಕು. ಶೇಂಗಾ ಮಸಾಲೆ, ಚಿಕನ್ ಎಲ್ಲ ಆಮೇಲೆ.

ಕುಡಿಯುವ ಕ್ರಮ ಬಣ್ಣದ ಮೇಲಲ್ಲ, ಕಹಿ ಮತ್ತು ಗಟ್ಟಿತನದ ಮೇಲೆ. ಕಡಿಮೆ ಐಬಿಯುನಿಂದ ಹೆಚ್ಚಿಗೆ, ಹಗುರದಿಂದ ಭಾರಕ್ಕೆ. ಕಂದು ಬಣ್ಣದ ಗೋಧಿ ಬಿಯರ್ ಡುಂಕಲ್‌ವೈಸನ್ ಐಪಿಎಗಿಂತ ಮೊದಲೇ ಬರಬೇಕು, ಅದು ಸಾಧು. ಐಪಿಎ ಕುಡಿದಾದ ಮೇಲೆ ಪಿಲ್ಸ್‌ನರ್‌ಗೆ ಹೋದರೆ ಪಿಲ್ಸ್‌ನರ್ ನೀರಾಗಿ ಕಾಣುತ್ತದೆ, ತಪ್ಪು ಅದರದಲ್ಲ.

ಮೂಗು ಮೊದಲು, ಬಾಯಿ ಆಮೇಲೆ

ಗ್ಲಾಸು ಬಂದ ಕೂಡಲೇ ಮೂಸಿ, ಏಕೆಂದರೆ ಕೆಲವು ಪರಿಮಳಗಳು ನೊರೆಯ ಜೊತೆಗೇ ಹಾರಿಹೋಗುತ್ತವೆ. ಉದ್ದಕ್ಕೆ ಉಸಿರೆಳೆಯಬೇಡಿ, ಚಿಕ್ಕದಾಗಿ ಎರಡು ಮೂರು ಸಲ ಸಾಕು. ಮೂಗು ಬೇಗ ಒಗ್ಗಿಕೊಳ್ಳುತ್ತದೆ, ಮೊದಲ ಸಲ ತೋಚಿದ್ದೇ ಬಹಳ ಸಲ ಸರಿ. ಒಂದು ಮಾತಾದರೂ ಬರೆಯಿರಿ. ಅದು ಇಂಗ್ಲಿಷ್ ಪುಸ್ತಕದ ಮಾತಾಗಬೇಕಿಲ್ಲ. ಬಿಯರ್ ಪುಸ್ತಕಗಳಲ್ಲಿ ಬರುವ ಎಷ್ಟೋ ಹಣ್ಣುಗಳನ್ನು ನಾವು ಮೂಸಿಯೇ ಇರುವುದಿಲ್ಲ. ಹುರಿಹಿಟ್ಟು, ಚಕ್ಕೋತದ ಸಿಪ್ಪೆ, ಹುಳಿ ಮಜ್ಜಿಗೆ, ಹೊಸ ಬೆಲ್ಲ ಎಂದು ಬರೆದರೆ ಆರು ತಿಂಗಳ ನಂತರವೂ ನಿಮಗೆ ಅರ್ಥವಾಗುತ್ತದೆ.

ಆಮೇಲೆ ಬಾಯಿ ತುಂಬುವಷ್ಟಲ್ಲದಿದ್ದರೂ ನಾಲಿಗೆ ಪೂರ್ತಿ ತೊಯ್ಯುವಷ್ಟು ಗುಟುಕು. ನುಂಗಿ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂಬದಿಯಿಂದ ಮೂಗಿಗೆ ಏರುವ ಪರಿಮಳವೇ ನಾವು ರುಚಿ ಎನ್ನುವುದರ ದೊಡ್ಡ ಪಾಲು. ನಂಬಿಕೆ ಬರದಿದ್ದರೆ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿದು ನೋಡಿ: ಸಿಹಿ, ಹುಳಿ, ಕಹಿ ಅಷ್ಟೇ ಸಿಗುತ್ತದೆ. ಮೂಗು ಬಿಟ್ಟ ಕ್ಷಣ ಬಾಳೆಹಣ್ಣು ಬಂದು ಕೂರುತ್ತದೆ. ನಂತರ ಕಹಿ ಎಷ್ಟು ಹೊತ್ತು ನಿಲ್ಲುತ್ತದೆ ಗಮನಿಸಿ. ಶುದ್ಧ ಕಹಿ ಬಂದು ನಿಂತು ಹೋಗುತ್ತದೆ. ಒರಟು ಕಹಿ ನಾಲಿಗೆಯ ಹಿಂಭಾಗಕ್ಕೆ ಕಚ್ಚಿಕೊಂಡು ಮುಂದಿನ ಗ್ಲಾಸಿಗೂ ಬರುತ್ತದೆ.

ಅಂಕ ಕೊಡುವ ಚಪಲವಿದ್ದರೆ ಬಿಯರ್ ಸ್ಪರ್ಧೆಗಳಿಗೆ ತೀರ್ಪುಗಾರರನ್ನು ತಯಾರುಮಾಡುವ ಅಮೆರಿಕದ ಬಿಜೆಸಿಪಿ ಸಂಸ್ಥೆಯ ಅಂಕಪಟ್ಟಿ ನೋಡಬಹುದು. ಒಟ್ಟು 50ರಲ್ಲಿ ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಕುವ ಹದಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ 3 ಎಂಬುದನ್ನು ಫೋಟೊ ತೆಗೆಯುವುದರಲ್ಲೇ ಮುಳುಗಿರುವ ಗೆಳೆಯರಿಗೆ ತೋರಿಸಬಹುದು.

ಕೆಟ್ಟದ್ದು ಯಾವುದು, ಯಾಕೆ ಕೆಟ್ಟಿತು

ಬಿಯರಿನ ದೋಷಗಳಿಗೆ ಬಹುಪಾಲು ಗುರುತಿಸಬಲ್ಲ ವಾಸನೆ ಇದೆ, ಪ್ರತಿ ವಾಸನೆಗೂ ಕಾರಣವಿದೆ. ಬೆಣ್ಣೆ, ಅದರಲ್ಲೂ ಸಿನಿಮಾ ಹಾಲಿನ ಪಾಪ್‌ಕಾರ್ನ್ ಬೆಣ್ಣೆಯ ವಾಸನೆ ಡೈಅಸಿಟೈಲಿನದು. ಹುದುಗುವಾಗ ಅದು ಹುಟ್ಟುವುದು ಸಹಜ, ಕೊನೆಗೆ ಯೀಸ್ಟೇ ಅದನ್ನು ತಿಂದು ಮುಗಿಸಬೇಕು. ಅವಸರ ಮಾಡಿ ಬೇಗ ತಣಿಸಿದರೆ ಉಳಿದುಬಿಡುತ್ತದೆ. ಲಾಗರ್ ಮಾಡುವವರು ಹುದುಗುವಿಕೆಯ ಕೊನೆಯಲ್ಲಿ ಎರಡು ಮೂರು ದಿನ 16ರಿಂದ 18 ಡಿಗ್ರಿಗೆ ಏರಿಸುವುದು ಇದಕ್ಕಾಗಿಯೇ. ಆದರೆ ಬಿಯರ್ ಸುರಿಯುವ ನಲ್ಲಿಯ ಕೊಳವೆ ತೊಳೆಯದಿದ್ದಾಗ ಅಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದಲೂ ಬೆಣ್ಣೆ ಬರುತ್ತದೆ, ಹುಳಿಯ ಜೊತೆಗೂಡಿ. ಒಂದೇ ಬಿಯರಿನಲ್ಲಿ ಬೆಣ್ಣೆಯಿದ್ದರೆ ಟ್ಯಾಂಕಿನ ಮೇಲೂ ಅನುಮಾನ, ಆ ಒಂದು ನಲ್ಲಿಯ ಮೇಲೂ ಅನುಮಾನ. ಹಲವು ನಲ್ಲಿಗಳಲ್ಲಿ ಬೆಣ್ಣೆ, ಹುಳಿ ಎರಡೂ ಇದ್ದರೆ ಕೊಳವೆಗಳದೇ ಕೆಲಸ.

ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಕುದಿ ಸಾಲದೆ ಹೋಗಿದೆ ಅಥವಾ ಕುದಿಸಿದ ಮೇಲೆ ತಣಿಸುವುದು ತಡವಾಗಿದೆ. ಪಿಲ್ಸ್‌ನರ್‌ನಲ್ಲಿ ಎಳೆಯಷ್ಟಿದ್ದರೆ ಕ್ಷಮ್ಯ. ಹಸಿರು ಸೇಬಿನ ವಾಸನೆ ಎಳೆಯ ಬಿಯರಿನದು, ಹಬ್ಬದ ವಾರಾಂತ್ಯಕ್ಕೆ ಮೊದಲೇ ಟ್ಯಾಂಕಿನಿಂದ ಎಳೆದದ್ದು. ಒದ್ದೆ ರಟ್ಟಿನ ವಾಸನೆ ಗಾಳಿ ಸೇರಿ ಮುದಿಯಾದ ಬಿಯರಿನದು. ಬಿಸಿಲಿನ ಗೋದಾಮಿನಲ್ಲಿ ಕೂತ ಬಾಟಲಿಗಳಲ್ಲಿ ಮಾಮೂಲು. ಹಸಿರು ಇಲ್ಲವೇ ಬಿಳಿ ಬಾಟಲಿಯನ್ನು ಬಿಸಿಲಲ್ಲಿಟ್ಟರೆ ಬೆಳಕು ತಾಗಿ ಹಾಪ್ಸಿನ ಕಹಿದ್ರವ್ಯ ಒಡೆದು ಗಂಧಕದ, ಸುಟ್ಟ ರಬ್ಬರಿನಂಥ ನಾತ ಬರುತ್ತದೆ. ಕಂದು ಬಾಟಲಿ, ಕ್ಯಾನು ಇದನ್ನು ತಡೆಯುತ್ತವೆ. ಹೊರಗೆ ಬಿಸಿಲಿಗೆ ಕೂತರೆ ನಿಮ್ಮ ಗ್ಲಾಸಿನಲ್ಲೂ ಇದು ಕೆಲವೇ ನಿಮಿಷದಲ್ಲಿ ನಡೆಯುತ್ತದೆ.

ಡೆಟ್ಟಾಲ್, ಆಸ್ಪತ್ರೆ ಪಟ್ಟಿಯ ವಾಸನೆ ಬಂದರೆ ನಲ್ಲಿ ನೀರಿನ ಕ್ಲೋರಿನ್ ಬಿಯರಿನ ಫೀನಾಲ್ ಜೊತೆ ಸೇರಿದೆ. ನೀರನ್ನು ಇದ್ದಿಲ ಫಿಲ್ಟರಿನಲ್ಲಿ ಸರಿಯಾಗಿ ಸೋಸದಿದ್ದರೆ ಹೀಗಾಗುತ್ತದೆ. ಹೆಫವೈಸನ್ನಿನ ಲವಂಗಕ್ಕೂ ಇದಕ್ಕೂ ಗೊಂದಲವಾಗಬಹುದು. ಲವಂಗ ಬೆಚ್ಚಗಿರುತ್ತದೆ, ಇದು ಔಷಧಿಯಂತೆ ಗಂಟಲಿಗೆ ಅಂಟುತ್ತದೆ.

ದೋಷ ಕಂಡರೆ ಮೆಲ್ಲಗೆ ಹೇಳಿ. ಒಳ್ಳೆಯ ಬ್ರೂಪಬ್ ಗ್ಲಾಸು ಬದಲಿಸುತ್ತದೆ. ಬ್ರೂವರ್ ಇದ್ದರೆ ಬಂದು ಮೂಸಿಯೂ ನೋಡುತ್ತಾರೆ. ಆದರೆ "ಕಹಿ ಜಾಸ್ತಿ" ಎಂದು ಐಪಿಎ ವಾಪಸು ಕಳಿಸುವುದು ದೂರಲ್ಲ, ಬೋರ್ಡು ಓದದ್ದು.

ಒಗರು ತಿಳಿಯಲು ಚಹಾ

ಇಲ್ಲಿ ಹೊಸಬರು ಎಡವುವುದು ಕಹಿಗೂ ಒಗರಿಗೂ. ಕಹಿ ನಾಲಿಗೆಯ ರುಚಿ. ಒಗರು ರುಚಿಯಲ್ಲ, ಟ್ಯಾನಿನ್ ತಾಗಿ ಒಸಡು, ಕೆನ್ನೆಯ ಒಳಭಾಗ ಒಣಗಿ ಬಿಗಿಯಾಗುವುದು. ಐಪಿಎಯಲ್ಲಿ ಕಹಿ ಇರಬೇಕು, ಒಗರು ಇರಬಾರದು. ಮಾಲ್ಟ್ ತೊಳೆಯುವ ನೀರು 77 ಡಿಗ್ರಿ ದಾಟಿದರೆ ಸಿಪ್ಪೆಯ ಟ್ಯಾನಿನ್ ಇಳಿದು ಬಿಯರ್ ಒಗರಾಗುತ್ತದೆ.

ಇದನ್ನು ಗುರುತಿಸಲು ಮನೆಯಲ್ಲೇ ಪಳಗಬಹುದು, ಖರ್ಚಿಲ್ಲದೆ. ಚಹಾ ಸವಿಯುವವರಿಗೊಂದು ಅಂತಾರಾಷ್ಟ್ರೀಯ ಮಾನದಂಡವಿದೆ, ಐಎಸ್ಒ 3103. ಮೊದಲು ಪ್ರಕಟವಾದದ್ದು 1980ರಲ್ಲಿ. 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಪುಡಿ, 6 ನಿಮಿಷ, ಮುಚ್ಚಿಟ್ಟು. ಸಾಮಾನ್ಯ ಸಿಟಿಸಿ ಪುಡಿಯಿಂದ ಹೀಗೆ ಮೂರು ಬಟ್ಟಲು ಮಾಡಿ: ಒಂದು 2 ನಿಮಿಷ, ಒಂದು 6, ಒಂದು 10. ಹಾಲು, ಸಕ್ಕರೆ ಬೇಡ. ಮೂರನೆಯದನ್ನು ಕುಡಿದಾಗ ಹಲ್ಲಿನ ಮೇಲೆ ನಾಲಿಗೆ ಸರಾಗವಾಗಿ ಜಾರದಿದ್ದರೆ ಅದೇ ಒಗರು. ಈಗ ಅದಕ್ಕೆ ಒಂದು ಚಮಚ ಹಾಲು ಬೆರೆಸಿ. ಹಾಲಿನ ಕೇಸಿನ್ ಟ್ಯಾನಿನ್ನನ್ನು ಹಿಡಿದುಕೊಳ್ಳುವುದರಿಂದ ಒಗರು ಇಳಿಯುತ್ತದೆ. ಪುಣೆಯ ಅಮೃತತುಲ್ಯ ಎಂಬ ಚಹಾದಂಗಡಿಗಳಲ್ಲಿ ಚಹಾಪುಡಿಯನ್ನು ಹಾಲು, ಶುಂಠಿ, ಏಲಕ್ಕಿಯ ಜೊತೆ ಅಷ್ಟು ಹೊತ್ತು ಕುದಿಸಿದರೂ ಬಾಯಿ ಒಣಗದಿರಲು ಕಾರಣ ಇದೇ.

ಕಣ್ಣಿಗೆ ಬಟ್ಟೆ ಕಟ್ಟಿ

ನಿಮಗೆ ನಿಜಕ್ಕೂ ವ್ಯತ್ಯಾಸ ತಿಳಿಯುತ್ತಿದೆಯೇ ಅಥವಾ ಹೆಸರು, ಬೆಲೆ ನೋಡಿ ತಿಳಿಯಿತೆನಿಸುತ್ತಿದೆಯೇ? ತ್ರಿಕೋನ ಪರೀಕ್ಷೆ ಮಾಡಿ. ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಸುರಿಯುವವರು ಬೇರೆ, ಕುಡಿಯುವವರು ಬೇರೆ. ಒಂದೊಂದರಲ್ಲಿ 30 ಮಿಲಿಲೀಟರ್ ಸಾಕು. ಬಣ್ಣ ಬೇರೆಯಿದ್ದರೆ ಸ್ಟೀಲ್ ಲೋಟದಲ್ಲಿ ಸುರಿದು ದೀಪ ತಗ್ಗಿಸಿ. ತಾಪಮಾನ ಮಾತ್ರ ಮೂರಕ್ಕೂ ಒಂದೇ ಇರಲಿ, ಇಲ್ಲವಾದರೆ ನೀವು ಬಿಯರನ್ನಲ್ಲ, ತಣ್ಪನ್ನು ಗುರುತಿಸುತ್ತಿರುತ್ತೀರಿ. ಬೇರೆಯದು ಯಾವುದೆಂದು ಹೇಳಬೇಕು. ಊಹೆಯಿಂದ ಒಮ್ಮೆ ಸರಿಯಾಗುವ ಸಾಧ್ಯತೆ ಮೂರರಲ್ಲೊಂದು. ಸತತ ಮೂರು ಸಲ ಸರಿಯಾಗುವುದು 27ರಲ್ಲೊಂದು. ಮೂರೂ ಸಲ ಹೇಳಿದವರ ಮಾತಿಗೆ ಮೇಜಿನಲ್ಲಿ ತೂಕ ಕೊಡಬಹುದು.

ಎಷ್ಟು ಕುಡಿದಿರಿ ಎಂಬ ಲೆಕ್ಕವೂ ಇರಲಿ. 100 ಮಿಲಿಲೀಟರಿನ ಐದು ಗ್ಲಾಸು, ಸರಾಸರಿ 5% ಎಂದರೆ ಶುದ್ಧ ಆಲ್ಕೋಹಾಲ್ ಸುಮಾರು 20 ಗ್ರಾಂ. ಅದು ಮೈಯಿಂದ ಇಳಿಯಲು ಎರಡೂವರೆ ಮೂರು ಗಂಟೆಯಾದರೂ ಬೇಕು. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಸ್ಯಾಂಪ್ಲರ್ ಹಲಗೆಯೊಂದು ಅದನ್ನು ದಾಟಿಸಬಲ್ಲದು, ಹಾಗಾಗಿ ರಿಕ್ಷಾ ಹಿಡಿಯಿರಿ. ಮಹಾರಾಷ್ಟ್ರದಲ್ಲಿ ಬಿಯರಿಗೆ 21 ವರ್ಷ ತುಂಬಿರಬೇಕು, ಗಟ್ಟಿ ಮದ್ಯಕ್ಕೆ 25.

ಮನೆಗೆ ಗ್ರೌಲರ್ (ಬಿಯರ್ ಒಯ್ಯುವ ದೊಡ್ಡ ಬಾಟಲಿ) ತುಂಬಿಸಿಕೊಂಡು ಹೋಗಿ ಎರಡು ಕಡೆಯದನ್ನು ಹೋಲಿಸುವುದಾದರೆ ಎರಡನ್ನೂ ಒಂದೇ ದಿನ ತುಂಬಿಸಿ. ಕುತ್ತಿಗೆಯವರೆಗೆ ತುಂಬಿಸಲು ಹೇಳಿ, ಮೇಲೆ ಗಾಳಿ ಉಳಿದಷ್ಟೂ ಬೇಗ ಕೆಡುತ್ತದೆ. ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿಡಿ, ಎರಡು ಮೂರು ದಿನದೊಳಗೆ ಮುಗಿಸಿ. ಮುಚ್ಚಳ ತೆಗೆದರೆ ಅದೇ ಸಂಜೆಗೆ. ಹೆಫವೈಸನ್ ಆಗಿದ್ದರೆ ತಳದಲ್ಲಿ ಯೀಸ್ಟು ಕೂತಿರುತ್ತದೆ. ಮುಕ್ಕಾಲು ಸುರಿದ ಮೇಲೆ ಗ್ರೌಲರನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಉಳಿದದ್ದನ್ನು ಎಲ್ಲರ ಗ್ಲಾಸಿಗೂ ಸಮನಾಗಿ ಹಂಚಿ. ಇಲ್ಲದಿದ್ದರೆ ಮೊದಲ ಗ್ಲಾಸಿನವರು ಒಂದು ಬಿಯರ್, ಕೊನೆಯ ಗ್ಲಾಸಿನವರು ಇನ್ನೊಂದು ಬಿಯರ್ ಕುಡಿದು ಜಗಳಾಡುತ್ತಿರುತ್ತಾರೆ.